ಉಡುಪು ಪೇಟೆ ಉಳಿಯುವ ಬಗೆ: ನ್ಯೂಯಾರ್ಕ್ ಕಲಿಸುವ ಪಾಠ

ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ, ಸ್ಥೂಲವಾಗಿ 34ರಿಂದ 42ನೆಯ ಬೀದಿಯವರೆಗೆ, ಐದನೆಯ ಮತ್ತು ಒಂಬತ್ತನೆಯ ಅವೆನ್ಯೂಗಳ ನಡುವೆ ಹರಡಿರುವ ಗಾರ್ಮೆಂಟ್ ಡಿಸ್ಟ್ರಿಕ್ಟ್, ನಗರದ ಒಡಲಿನಲ್ಲಿಯೇ ಫ್ಯಾಷನ್ ಉದ್ಯಮಕ್ಕೆ ಮೀಸಲಾದ ಪ್ರದೇಶಕ್ಕೆ ಜಗತ್ತಿನ ಪ್ರಸಿದ್ಧ ಉದಾಹರಣೆಯಾಗಿದೆ. ಇಂಥ ಪ್ರದೇಶವನ್ನು ಯಾವುದು ಬೆಳೆಸುತ್ತದೆ, ಯಾವುದು ಕರಗಿಸುತ್ತದೆ ಎಂಬುದು ಅದರ ಶತಮಾನದ ಚರಿತ್ರೆಯಿಂದ ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐದನೆಯ ಅವೆನ್ಯೂವಿನ ಸಿರಿವಂತ ವರ್ತಕರು ಹೊಲಿಗೆ ಕಾರ್ಖಾನೆಗಳು ತಮ್ಮ ಅಂಗಡಿಗಳ ಸಮೀಪಕ್ಕೆ ಬರುವುದನ್ನು ವಿರೋಧಿಸಿದರು. ಯಾವ ಜಾಗದಲ್ಲಿ ಯಾವ ಚಟುವಟಿಕೆ ನಡೆಯಬಹುದೆಂದು ಗೊತ್ತುಪಡಿಸುವ ವಲಯ ನಿಯಮಗಳು 1916ರಲ್ಲಿ ಜಾರಿಗೆ ಬರಲು ಈ ಒತ್ತಡವೂ ಒಂದು ಕಾರಣವಾಯಿತು. ಆಗ ಉಡುಪು ತಯಾರಕರು ಒಟ್ಟುಗೂಡಿ ಏಳನೆಯ ಅವೆನ್ಯೂವಿನಲ್ಲಿ ಗಾರ್ಮೆಂಟ್ ಸೆಂಟರ್ ಕ್ಯಾಪಿಟಲ್ ಎಂಬ ಕಟ್ಟಡಗಳನ್ನು ತಮಗಾಗಿಯೇ ಕಟ್ಟಿಸಿಕೊಂಡದ್ದರಿಂದ ಉದ್ಯಮಕ್ಕೆ ಭದ್ರವಾದ ನೆಲೆ ದೊರೆಯಿತು. ಮುಂದೆ 1944ರಲ್ಲಿ ಸಮೀಪದಲ್ಲೇ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಆರಂಭವಾಯಿತು. 1972ರಲ್ಲಿ ಏಳನೆಯ ಅವೆನ್ಯೂವಿಗೆ ಫ್ಯಾಷನ್ ಅವೆನ್ಯೂ ಎಂಬ ಹೆಸರೂ ಸೇರಿತು.

ಈ ಪೇಟೆಯ ನಿಜವಾದ ಬಲ ಅದರ ಹೆಸರಿನಲ್ಲಿರಲಿಲ್ಲ, ನೆರೆಹೊರೆಯಲ್ಲಿತ್ತು. ಒಂದು ಹೊಸ ಉಡುಪು ಸಿದ್ಧವಾಗಬೇಕಾದರೆ ವಿನ್ಯಾಸಕನ ಚಿತ್ರವನ್ನು ಅಳತೆಯ ಅಚ್ಚಾಗಿ ಕತ್ತರಿಸುವವರು, ಮೊದಲ ಮಾದರಿಯನ್ನು ಹೊಲಿಯುವವರು, ನೆರಿಗೆ ಹಿಡಿಯುವವರು, ಕಾಜಾ ಹಾಕುವವರು, ಬಟ್ಟೆ, ಗುಂಡಿ, ಝಿಪ್ ಮಾರುವವರು ಹೀಗೆ ಹತ್ತಾರು ಕಸುಬುದಾರರು ಕೈಜೋಡಿಸಬೇಕಾಗುತ್ತದೆ. ಇವರೆಲ್ಲರೂ ಕಾಲ್ನಡಿಗೆಯ ದೂರದಲ್ಲಿದ್ದರೆ ತಪ್ಪನ್ನು ಅಂದೇ ತಿದ್ದಬಹುದು, ದೊಡ್ಡ ಬಂಡವಾಳವಿಲ್ಲದ ಹೊಸಬರೂ ಕೆಲವೇ ಉಡುಪುಗಳನ್ನು ಮಾಡಿಸಿ ಮಾರುಕಟ್ಟೆಯನ್ನು ಪರೀಕ್ಷಿಸಬಹುದು.

ಆದರೆ ಹೊಲಿಗೆಯ ಕೆಲಸ ಅಗ್ಗದ ಕೂಲಿಯ ದೇಶಗಳಿಗೆ ಸಾಗಿದಂತೆ ಮತ್ತು ಕಚೇರಿಗಳು ಕಾರ್ಖಾನೆಗಳಿಗಿಂತ ಹೆಚ್ಚಿನ ಬಾಡಿಗೆ ಕೊಡಲು ಮುಂದಾದಂತೆ ಈ ನೆರೆಹೊರೆ ಸಡಿಲವಾಗತೊಡಗಿತು. ಅದನ್ನು ತಡೆಯಲು ನಗರಾಡಳಿತವು 1987ರಲ್ಲಿ, ಕೆಲವು ಬೀದಿಗಳಲ್ಲಿ ಕಾರ್ಖಾನೆಯ ಜಾಗವನ್ನು ಕಚೇರಿಯಾಗಿ ಮಾರ್ಪಡಿಸುವವರು ಅಷ್ಟೇ ವಿಸ್ತೀರ್ಣವನ್ನು ತಯಾರಿಕೆಗೆ ಮೀಸಲಿಡಬೇಕೆಂಬ ನಿಯಮವನ್ನು ತಂದಿತು. ಜಾರಿ ದುರ್ಬಲವಾಗಿದ್ದುದರಿಂದ ಅನೇಕ ಮಹಡಿಗಳು ಸದ್ದಿಲ್ಲದೆ ಕಚೇರಿಗಳಾದವು. ಹೊರದೇಶಕ್ಕೆ ಹೋದ ಕೆಲಸವನ್ನು ಮರಳಿ ತರುವ ಶಕ್ತಿಯಂತೂ ಆ ನಿಯಮಕ್ಕೆ ಇರಲಿಲ್ಲ. 2018ರ ಕೊನೆಯಲ್ಲಿ ಅದನ್ನು ಕೈಬಿಟ್ಟು, ತಯಾರಕರಿಗೆ ಮಿತ ಬಾಡಿಗೆಗೆ ಜಾಗ ಉಳಿಸುವ ಕಟ್ಟಡ ಮಾಲೀಕರಿಗೆ ತೆರಿಗೆ ರಿಯಾಯಿತಿ ನೀಡುವ, ಬ್ರೂಕ್ಲಿನ್‌ನ ಸನ್‌ಸೆಟ್ ಪಾರ್ಕ್‌ನಲ್ಲಿ ಬದಲಿ ನೆಲೆ ಬೆಳೆಸುವ ಮಾರ್ಗವನ್ನು ನಗರವು ಹಿಡಿಯಿತು.

ನಾಮಫಲಕ, ಶಿಲ್ಪ, ಉತ್ಸವಗಳು ಪೇಟೆಗೆ ಮೆರುಗು ಕೊಡಬಲ್ಲವೇ ಹೊರತು ಹೊಲಿಗೆ ಯಂತ್ರ ನಿಂತ ಜಾಗದ ಬಾಡಿಗೆಯನ್ನು ಕಟ್ಟಲಾರವು. ಫ್ಯಾಷನ್ ಪ್ರದೇಶವನ್ನು ಬೆಳೆಸಬಯಸುವ ಯಾವುದೇ ನಗರವು ಮೊದಲು ಸಣ್ಣ ಕಸುಬುದಾರರಿಗೆ ಎಟುಕುವ ಬಾಡಿಗೆಯ ಜಾಗವನ್ನು ದೀರ್ಘಕಾಲಕ್ಕೆ ಖಚಿತಪಡಿಸಬೇಕು, ಸಾಧ್ಯವಾದರೆ ಆ ಕಟ್ಟಡಗಳ ಒಡೆತನದಲ್ಲಿಯೇ ಅವರಿಗೆ ಪಾಲು ದೊರಕಿಸಬೇಕು.