ಹಾರ್ಡ್ ಡಿಸ್ಕ್ ಕೈಕೊಡುವ ಮೊದಲೇ ಗೊತ್ತಾಗುವುದೇ?



ಜತ್ತ ತಾಲೂಕಿನ ಸನಮಡಿಯಂಥ ಊರಲ್ಲಿ ಕಂಪ್ಯೂಟರ್ ಕೆಟ್ಟರೆ ಜತ್ತಕ್ಕೆ ಒಯ್ಯಬೇಕು, ಅಲ್ಲಿ ಆಗದಿದ್ದರೆ ಸಾಂಗಲಿಗೋ ವಿಜಯಪುರಕ್ಕೋ. ಯಂತ್ರವೇನೋ ಹೊಸದು ಸಿಕ್ಕೀತು. ಅದರೊಳಗಿದ್ದ ಕನ್ನಡ ಶಾಲೆಯ ಪ್ರಶ್ನೆಪತ್ರಿಕೆಗಳು, ಸಂಘದ ಸದಸ್ಯರ ಪಟ್ಟಿ, ರಾಜ್ಯೋತ್ಸವದ ಹಳೆಯ ಫೋಟೋಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದ್ದರಿಂದ ಯಂತ್ರದ ಆರೋಗ್ಯ ನೋಡುವ ತಂತ್ರಾಂಶಗಳ ಬಗ್ಗೆ ನಾಲ್ಕು ಮಾತು.

ಬ್ಯಾಂಕು, ದೊಡ್ಡ ಕಚೇರಿಗಳ ಸರ್ವರ್‌ಗಳಲ್ಲಿ ಮದರ್‌ಬೋರ್ಡ್ ಮೇಲೆಯೇ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಕುಳಿತಿರುತ್ತದೆ. ಸರ್ವರ್ ಬಂದ್ ಆಗಿದ್ದರೂ ಕರೆಂಟ್ ಇದ್ದರೆ ಸಾಕು, ಅದು ಎಚ್ಚರವಾಗಿದ್ದು ಫ್ಯಾನಿನ ವೇಗ, ಉಷ್ಣಾಂಶ, ವೋಲ್ಟೇಜ್ ಅಳೆಯುತ್ತದೆ. ಇದಕ್ಕೊಂದು ಸಮಾನ ಪದ್ಧತಿ ಬೇಕೆಂದು 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ ಐಪಿಎಂಐ ರೂಪಿಸಿದವು. ಜಾಬಿಕ್ಸ್, ನಾಗಿಯೋಸ್‌ನಂಥ ತಂತ್ರಾಂಶಗಳು ಹಲವು ಯಂತ್ರಗಳ ಅಳತೆಗಳನ್ನು ಒಂದೆಡೆ ತೋರಿಸಿ, ಮಿತಿ ಮೀರಿದರೆ ಇಮೇಲ್ ಕಳಿಸುತ್ತವೆ. ಆ ಇಮೇಲ್ ಯಾರೂ ತೆರೆಯದ ವಿಳಾಸಕ್ಕೆ ಹೋಗುತ್ತಿದ್ದರೆ ಅಷ್ಟೆಲ್ಲ ಖರ್ಚು ನೀರಿಗೆ ಹಾಕಿದಂತೆ.

ನಮ್ಮ ಶಾಲೆ, ವಾಚನಾಲಯಗಳ ಸಾದಾ ಕಂಪ್ಯೂಟರಿನಲ್ಲಿ ಬಿಎಂಸಿ ಇರುವುದಿಲ್ಲ. ಆದರೆ ಹಾರ್ಡ್ ಡಿಸ್ಕ್ ಒಳಗೆ ಸ್ಮಾರ್ಟ್ ಎಂಬ ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಅದನ್ನು ಓದಿ ತೋರಿಸುತ್ತವೆ. ಎರಡೂ ಉಚಿತ. ಸಾಲುಗಳು ಬಹಳ, ನೋಡಬೇಕಾದವು ಮೂರು: 5, 197 ಮತ್ತು 198. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಇವೇ 05, ಸಿ5, ಸಿ6 ಎಂದು ಕಾಣುತ್ತವೆ. ಡಿಸ್ಕಿನ ಒಂದು ತುಣುಕು ಕೆಟ್ಟಾಗ ಅದನ್ನು ಬಿಟ್ಟು ಮೀಸಲು ಜಾಗ ಬಳಸಿದ್ದರ ಲೆಕ್ಕ 5ರದು. ಸವಳು ಬಿದ್ದ ತುಂಡು ಬಿಟ್ಟು ಪಕ್ಕದಲ್ಲಿ ಬಿತ್ತಿದ ಹಾಗೆ. 197 ಎಂದರೆ ಓದಲು ತಿಣುಕುತ್ತಿರುವ ತುಣುಕುಗಳು, 198 ಎಂದರೆ ಓದಲಾಗದೆ ಹೋದವು. ಮೂರೂ ಸೊನ್ನೆ ಇದ್ದರೆ ಒಳ್ಳೆಯದು. ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಡಿಸ್ಕ್ ಹೊರಡುವ ಸಿದ್ಧತೆಯಲ್ಲಿದೆ.

ಗೂಗಲ್‌ನವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನ ಇನ್ನೊಂದು ಕಹಿಯನ್ನೂ ಹೇಳಿತು: ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆ ಕೆಟ್ಟವು. ಹಸಿರು ಗುರುತು ಕಂಡಿತೆಂದು ಎರಡನೆಯ ಪ್ರತಿ ಇಡದೆ ಕೂರುವಂತಿಲ್ಲ.

ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಎಣಿಸಿದಷ್ಟು ನಂಟಿಲ್ಲ ಎಂದೂ ಅವರು ಕಂಡರು. ಆದರೆ ಅವರ ಯಂತ್ರಗಳಿದ್ದದ್ದು ಡೇಟಾ ಸೆಂಟರಿನಲ್ಲಿ, ನಮ್ಮ ಕಡೆಯ ಮೇ ತಿಂಗಳ ಪತ್ರಾಸಿನ ಕೋಣೆಯಲ್ಲಲ್ಲ. ಫ್ಯಾನಿನ ಧೂಳು ಕೊಡವುವುದನ್ನು ಬಿಡಬೇಡಿ.

ಮಾಡಬೇಕಾದ್ದು ಇಷ್ಟು: ತಿಂಗಳ ಮೊದಲ ಶನಿವಾರ ಶಿಕ್ಷಕರೊಬ್ಬರು ಆ ಮೂರು ಅಂಕಿಗಳನ್ನು ದಿನಾಂಕ ಸಮೇತ ರಜಿಸ್ಟರಿನಲ್ಲಿ ಬರೆಯಲಿ. ಅಂಕಿ ಏರಿದ ದಿನವೇ ಬೇಕಾದ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಅದನ್ನು ಬೇರೆ ಕಟ್ಟಡದಲ್ಲಿ ಇಡಿ. ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿ ಮತ್ತೆ ದಾಖಲೆ ತುಂಬಲು ಬಳಸಬೇಡಿ.