ಕಡಲೆ ಕೀಡಿ ಮತ್ತು ಕ್ಯಾಲ್ಸಿಯಂ ತೂಬು

ಹಿಂಗಾರಿನಲ್ಲಿ ನವಲಗುಂದ ತಾಲೂಕಿನ ತಿರ್ಲಾಪುರದಂಥ ಎರೆನೆಲದ ಊರುಗಳಲ್ಲಿ ಕಡಲೆ ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಕೀಡಿಯ ಕಾಟ ಶುರುವಾಗುತ್ತದೆ. ಆಗ ಹೊಡೆಯುವ ಎಣ್ಣೆಗಳಲ್ಲಿ ಕ್ಲೋರಂಟ್ರಾನಿಲಿಪ್ರೋಲ್ ಒಂದು. ಅದನ್ನು ತಿಂದ ಕೀಡಿ ತಕ್ಷಣ ಸಾಯುವುದಿಲ್ಲ. ಮೊದಲು ಮೇಯುವುದನ್ನು ಬಿಡುತ್ತದೆ, ಮೈ ಮುದುಡಿ ಗಿಡ್ಡಾಗುತ್ತದೆ, ಕದಲಲಾರದೆ ಬಿದ್ದಿರುತ್ತದೆ. ಸಾವು ಆಮೇಲಿನ ಮಾತು. ಈ ಎಣ್ಣೆ ಕೈ ಹಾಕುವುದು ಕೀಡಿಯ ಸ್ನಾಯುವಿಗೆ.

ಸ್ನಾಯುಕೋಶದೊಳಗೆ ತೆಳುಪೊರೆಯ ಚೀಲಗಳ ಜಾಲವಿದೆ. ಹೆಸರು ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್. ಸ್ನಾಯು ಸುಮ್ಮನಿರುವಾಗ ಚೀಲದೊಳಗಿನ ಕ್ಯಾಲ್ಸಿಯಂ ಸುತ್ತಲಿನ ಕೋಶರಸದಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಅಲ್ಲಿ ಕ್ಯಾಲ್ಸಿಕ್ವೆಸ್ಟ್ರಿನ್ ಎಂಬ ಪ್ರೋಟೀನು ಅದನ್ನು ಹಿಡಿದಿಟ್ಟಿರುತ್ತದೆ. ಹೊರಬಿಡುವುದು ರಯನೊಡಿನ್ ಗ್ರಾಹಕ, ಮಲಪ್ರಭಾ ಕಾಲುವೆಗೆ ತೂಬು ಇದ್ದಂತೆ. ಒಂದೊಂದರಲ್ಲೂ 5,000ಕ್ಕಿಂತ ಹೆಚ್ಚು ಅಮೈನೊ ಆಮ್ಲಗಳಿರುವ ನಾಲ್ಕು ಸರಪಳಿಗಳು ಸೇರಿ ಈ ತೂಬು ಆಗಿದೆ. ರಯನೊಡಿನ್ ಎಂಬುದು ರಯಾನಿಯಾ ಗಿಡದ ವಿಷ. 1940ರ ದಶಕದಲ್ಲೇ ಆ ಗಿಡದ ಪುಡಿಯನ್ನು ಕೀಟನಾಶಕವಾಗಿ ಬಳಸುತ್ತಿದ್ದರು.

ಹೊಲದಲ್ಲಿ ಎತ್ತು ಕುಂಟಿ ಎಳೆಯುವಾಗ ಆಗುವುದನ್ನು ನೋಡಿ. ನರದಿಂದ ಬಂದ ವಿದ್ಯುತ್ ಸೂಚನೆ ಸ್ನಾಯುಕೋಶದ ಹೊರಪೊರೆಯ ಮೇಲೆ ಹರಿದು ಒಳಗಿನ ಕೊಳವೆಗಳಿಗಿಳಿಯುತ್ತದೆ. ಅಲ್ಲಿ ಡೈಹೈಡ್ರೊಪಿರಿಡಿನ್ ಗ್ರಾಹಕವೆಂಬ ಪ್ರೋಟೀನು ಅದನ್ನು ಅರಿತು ಆಕಾರ ಬದಲಿಸುತ್ತದೆ. ಎದುರಿಗೇ ಇರುವ ತೂಬು ಆ ಅಲುಗಾಟಕ್ಕೇ ತೆರೆಯುತ್ತದೆ. ಹೃದಯದಲ್ಲಿ ಹೀಗಲ್ಲ, ಅಲ್ಲಿ ಹೊರಗಿಂದ ಒಳಬಂದ ಚೂರು ಕ್ಯಾಲ್ಸಿಯಂ ಅಂಥದೇ ತೂಬನ್ನು ತೆರೆಸುತ್ತದೆ. ಚೆಲ್ಲಿದ ಕ್ಯಾಲ್ಸಿಯಂ ಟ್ರೊಪೊನಿನ್‌ಗೆ ಅಂಟಿದೊಡನೆ ಸ್ನಾಯುವಿನ ಎಳೆಗಳು ಒಂದರ ಮೇಲೊಂದು ಜಾರಿ ಬಿಗಿಯುತ್ತವೆ. ಜಪಾನಿನ ಸೆತ್ಸುರೊ ಎಬಾಶಿ 1960ರ ದಶಕದಲ್ಲಿ ಕಂಡುಕೊಟ್ಟ ಪ್ರೋಟೀನು ಈ ಟ್ರೊಪೊನಿನ್.

ಸಡಿಲಾಗುವುದು ತನ್ನಷ್ಟಕ್ಕೆ ಆಗುವ ಕೆಲಸವಲ್ಲ, ನನಗೆ ಅತಿ ಹಿಡಿಸಿದ ಸಂಗತಿ ಇದೇ. ತೂಬು ಮುಚ್ಚಿದ ಮೇಲೆ ಸರ್ಕಾ ಎಂಬ ಪಂಪು ಕ್ಯಾಲ್ಸಿಯಂ ಅನ್ನು ಚೀಲಕ್ಕೆ ಮರಳಿ ತುಂಬಬೇಕು. ಎರಡು ಅಯಾನುಗಳಿಗೆ ಒಂದು ಎಟಿಪಿ ಖರ್ಚು. ಎತ್ತಿನ ಒಂದೊಂದು ಹೆಜ್ಜೆಗೂ ಈ ಲೆಕ್ಕ ನಡೆದೇ ಇರುತ್ತದೆ.

ಎಣ್ಣೆ ಕೀಡಿಯಲ್ಲಿ ತೂಬು ಮುಚ್ಚಲು ಬಿಡುವುದಿಲ್ಲ. ಕ್ಯಾಲ್ಸಿಯಂ ಸುರಿದು ಚೀಲ ಬರಿದಾಗುತ್ತದೆ. ನಮ್ಮ ತೂಬಿನ ರಚನೆ ಬೇರೆಯಾದ್ದರಿಂದ ಅದನ್ನು ತೆರೆಸಲು ನೂರಾರು ಪಟ್ಟು ಹೆಚ್ಚು ಬೇಕು. ಹಾಗೆಂದು ಮೂಗುಬಾಯಿ ಮುಚ್ಚಿಕೊಳ್ಳದೆ ಹೊಡೆಯುವುದು ಖಂಡಿತ ಸರಿಯಲ್ಲ.

ಮನುಷ್ಯರ ತೂಬೂ ಕೆಡುವುದುಂಟು. ಕೆಲವರ ವಂಶವಾಹಿಯಲ್ಲೇ ದೋಷವಿರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಕೆಲವು ಅರಿವಳಿಕೆ ಅನಿಲ ಕೊಟ್ಟಾಗ ಕ್ಯಾಲ್ಸಿಯಂ ಸೋರಿ ಸ್ನಾಯು ಸೆಟೆಯುತ್ತದೆ, ಮೈಶಾಖ ಜೀವಕ್ಕೇ ಎರವಾಗುವಷ್ಟು ಏರುತ್ತದೆ. ಡಾಂಟ್ರೊಲೀನ್ ಅದಕ್ಕೆ ಮದ್ದು. ಮನೆತನದಲ್ಲಿ ಯಾರಿಗಾದರೂ ಹೀಗಾಗಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಬೇಕು.

ಕೀಟಗಳಲ್ಲಿ ಇಂಥ ಬದಲಾವಣೆ ರೈತನಿಗೇ ತಿರುಗಿಬೀಳುತ್ತದೆ. ಎಲೆಕೋಸು ತಿನ್ನುವ ವಜ್ರಬೆನ್ನಿನ ಪತಂಗದ ತೂಬಿನಲ್ಲಿ 4,946ನೆಯ ಅಮೈನೊ ಆಮ್ಲವೊಂದು ಬದಲಾದದ್ದೇ, ಎಣ್ಣೆ ನಾಟದಾಯಿತು. ಫ್ಲುಬೆಂಡಿಯಮೈಡ್, ಸಯಾಂಟ್ರಾನಿಲಿಪ್ರೋಲ್ ಕೂಡ ಇದೇ ತೂಬಿಗೆ ಕೈ ಹಾಕುವಂಥವು. ಅಂಗಡಿಯಲ್ಲಿ ಬಾಟಲಿ ಬದಲಿಸಿದರೆ ಸಾಲದು, ಒಳಗಿನ ಔಷಧದ ಗುಂಪು ಬೇರೆಯೇ ಎಂದು ಕೇಳಿ ತರಬೇಕು.