ತೂಬು ಮುಚ್ಚುವ ಮದ್ದಿನ ಹುಡುಕಾಟ

ನಡುರಾತ್ರಿ ಎಚ್ಚರವಾಗುತ್ತದೆ. ಕಾಮದ ಸುಳಿವೂ ಇಲ್ಲ, ಆದರೂ ಶಿಶ್ನ ನಿಮಿರಿ ನಿಂತಿದೆ, ನೋವು ಏರುತ್ತಿದೆ. ಗಂಟೆಯೋ ಎರಡು ಗಂಟೆಯೋ ಕಾಡಿ ತಾನೇ ಇಳಿಯುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಅದೇ ಸಂಕಟ. ಮರುಕಳಿಸುವ ಪ್ರಯಾಪಿಸಂ ಎಂಬ ಈ ಬೇನೆಯನ್ನು ಗಂಡಸರು ಮನೆಯವರಿಂದಲೂ ಮುಚ್ಚಿಡುತ್ತಾರೆ.

ಇದು ಎಷ್ಟು ಜನರನ್ನು ಕಾಡುತ್ತಿದೆ ಎಂದು ಕೇಳಿ ತಿಳಿದದ್ದು ಜಮೈಕಾದಲ್ಲಿ. ಅಲ್ಲಿ ಗ್ರಹಾಂ ಸರ್ಜೆಂಟ್ ಮತ್ತು ಸಂಗಡಿಗರು ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗವಿದ್ದ 104 ಗಂಡಸರನ್ನು ವಿಚಾರಿಸಿ 1980ರಲ್ಲಿ ವರದಿ ಬರೆದರು. ನೂರಕ್ಕೆ 42 ಮಂದಿ ಈ ನೋವು ಕಂಡವರಾಗಿದ್ದರು. 1985ರಲ್ಲಿ ಅದೇ ತಂಡ ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಸ್ತ್ರೀ ಹಾರ್ಮೋನನ್ನು ಪರೀಕ್ಷಿಸಿತು. ದಾಳಿಗಳು ನಿಂತವು. ಆದರೆ ಆ ಮದ್ದು ಎದೆ ಉಬ್ಬಿಸಬಲ್ಲದು, ಕಾಮಾಸಕ್ತಿ ಕುಂದಿಸಬಲ್ಲದು. ಯುವಕರು ವರ್ಷಗಟ್ಟಲೆ ನುಂಗುವ ಮಾತ್ರೆ ಅದಾಗಲಿಲ್ಲ.

1984ರಲ್ಲಿ ಬ್ರಿಟನ್ನಿನ ಜೈಲ್ಸ್ ಬ್ರಿಂಡ್ಲಿ ರಕ್ತನಾಳ ಕುಗ್ಗಿಸುವ ಮೆಟರಾಮಿನಾಲ್ ಅನ್ನು ಶಿಶ್ನಕ್ಕೇ ಚುಚ್ಚಿ ನಿಮಿರುವಿಕೆ ಇಳಿಸಬಹುದೆಂದು ತೋರಿಸಿದರು. ಇಂದು ಆಸ್ಪತ್ರೆಗಳಲ್ಲಿ ಆ ಜಾಗದಲ್ಲಿ ಫಿನೈಲೆಫ್ರಿನ್ ಇದೆ. ಬಂದ ದಾಳಿಯನ್ನು ಅದು ಇಳಿಸುತ್ತದೆ, ನಾಳೆ ಬರುವುದನ್ನು ತಡೆಯುವುದಿಲ್ಲ.

ತಡೆಯುವ ದಾರಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕಂಡಿತು. ನಿಮಿರಿದ್ದನ್ನು ಇಳಿಸುವ ತೂಬು ಪಿಡಿಇ-5 ಎಂಬ ಕಿಣ್ವ. ಸಿಕಲ್ ಸೆಲ್‌ನಲ್ಲಿ ಕೆಂಪು ಕಣಗಳು ಒಡೆದು, ಹೊರಬಿದ್ದ ಹಿಮೋಗ್ಲೋಬಿನ್ ರಕ್ತನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡನ್ನು ಹೀರುತ್ತದೆ. ಅದರ ನಿತ್ಯದ ಹರಿವು ಬತ್ತಿದಾಗ, ನೀರು ಕಾಣದ ತೂಬು ತುಕ್ಕು ಹಿಡಿದಂತೆ, ಆ ಕಿಣ್ವವೂ ಕ್ಷೀಣಿಸುತ್ತದೆ. ನಿದ್ದೆಯಲ್ಲಿ ಸಹಜವಾಗಿ ನಿಮಿರಿದ್ದು ಇಳಿಯದೆ ಉಳಿಯುತ್ತದೆ. 2005ರಲ್ಲಿ ಹಂಟರ್ ಚಾಂಪಿಯನ್, ಆರ್ಥರ್ ಬರ್ನೆಟ್ ತಂಡ ಇಲಿಗಳಲ್ಲಿ ಈ ದೋಷವನ್ನು ಗುರುತಿಸಿತು.

ಆಮೇಲೆ ಬರ್ನೆಟ್ ಎಲ್ಲರ ಹುಬ್ಬೇರಿಸುವ ಮದ್ದನ್ನು ಆರಿಸಿದರು. ಅದು ಆ ತೂಬನ್ನೇ ಮುಚ್ಚುವ, ನಿಮಿರಿಸುವ ಮಾತ್ರೆಯೆಂದೇ ಹೆಸರಾದ ಸಿಲ್ಡೆನಾಫಿಲ್. ಕಾಮಕ್ಕೂ ರಾತ್ರಿ ನಿದ್ದೆಗೂ ಸಂಬಂಧವಿಲ್ಲದ ಹೊತ್ತಿನಲ್ಲಿ ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ದೇಹ ಕಿಣ್ವವನ್ನು ಮತ್ತೆ ಕೂಡಿಸಿಕೊಳ್ಳುತ್ತದೆ ಎಂಬುದು ಅವರ ತರ್ಕ. 2014ರಲ್ಲಿ ಪ್ರಕಟವಾದ 13 ರೋಗಿಗಳ ಪ್ರಯೋಗದಲ್ಲಿ, ಮೊದಲ ಹಂತದಲ್ಲಿ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ನಂತರದ ಹಂತದಲ್ಲಿ ಭರವಸೆ ಕಂಡಿತು. ಅದನ್ನು ದೃಢಪಡಿಸಲು ದೊಡ್ಡ ಪ್ರಯೋಗಗಳೇ ಬೇಕು. ಶ್ವಾಸಕೋಶದ ರಕ್ತದೊತ್ತಡಕ್ಕೆಂದು ಇದೇ ಮದ್ದು ಕೊಟ್ಟ ಮತ್ತೊಂದು ಪ್ರಯೋಗದಲ್ಲಿ ಸಿಕಲ್ ಸೆಲ್ ನೋವು ಹೆಚ್ಚಿ, ಆ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆದ್ದರಿಂದ ಅಂಗಡಿಯಿಂದ ತಾವೇ ತಂದು ನುಂಗುವ ಮಾತ್ರೆ ಇದಲ್ಲ.

ಭಾರತದಲ್ಲಿ 2023ರಲ್ಲಿ ಶುರುವಾದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಆದಿವಾಸಿ ಹಾಡಿಗಳಲ್ಲಿ ರಕ್ತ ಪರೀಕ್ಷಿಸುವವರು ಹುಡುಗರನ್ನು ಈ ನೋವಿನ ಬಗ್ಗೆಯೂ ಮೆಲ್ಲಗೆ ಕೇಳಲಿ. ಓದುಗರಿಗೆ ಹೇಳುವುದಿಷ್ಟೇ: ನಿಮಿರುವಿಕೆ ನಾಲ್ಕು ಗಂಟೆ ದಾಟಿದರೆ ಅದು ತುರ್ತುಸ್ಥಿತಿ. ಬೆಳಗಾಗಲೆಂದು ಕಾಯಬೇಡಿ. ತಡವಾದಷ್ಟೂ ಆ ಅಂಗ ಶಾಶ್ವತವಾಗಿ ಶಕ್ತಿ ಕಳೆದುಕೊಳ್ಳುವ ಅಪಾಯ ಹೆಚ್ಚು.